ಎಪ್ಪತ್ತರ ಮಂಡಿ, ಸ್ಟಾಕ್‌ಹೋಮ್‌ನ ಕಲ್ಲುಹಾದಿ: ಗೈಡ್ ಜೊತೆ ವಾಕಿಂಗ್ ಟೂರ್ ಹೋಗಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದವಳು. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದು ಈಗ ನಿವೃತ್ತಿಯಾಗಿದೆ. ನನಗೆ 66, ನಮ್ಮ ಯಜಮಾನರಿಗೆ 71. ಅವರಿಗೆ ಸಕ್ಕರೆ ಕಾಯಿಲೆ ಇದೆ, ಬಲಗಾಲಿನ ಮಂಡಿ ನೋವೂ ಇದೆ. ಮಗಳು ಅಳಿಯ ಸ್ಟಾಕ್‌ಹೋಮ್‌ನ ಶಿಸ್ತಾದಲ್ಲಿದ್ದಾರೆ. ದಸರಾ ಮುಗಿಸಿಕೊಂಡು ಅಕ್ಟೋಬರ್ ಕೊನೆಯ ವಾರ ಅಲ್ಲಿಗೆ ಹೊರಟಿದ್ದೇವೆ. ಹಳೇ ಊರು ತೋರಿಸುವ ಎರಡೂವರೆ ಗಂಟೆಯ ವಾಕಿಂಗ್ ಟೂರ್ ಒಂದಿದೆ, ಅದನ್ನು ಬುಕ್ ಮಾಡುತ್ತೇನೆ ಅಂತ ಮಗಳು ಹೇಳುತ್ತಿದ್ದಾಳೆ. ಅದು ‘ಫ್ರೀ’ ಅಂತೆ. ಫ್ರೀ ಅಂದರೆ ನನಗೆ ಭಯ, ಕೊನೆಗೆ ಎಷ್ಟು ಕೇಳುತ್ತಾರೋ ಏನೋ. ಯಜಮಾನರಿಗೆ ಅಷ್ಟು ಹೊತ್ತು ನಡೆಯೋಕಾಗುತ್ತಾ? ನಡುವೆ ಬಾತ್‌ರೂಮಿಗೆ ಹೋಗಬೇಕಾದರೆ ಏನು ಮಾಡೋದು? ಗೈಡ್ ಆಡುವ ಇಂಗ್ಲಿಷ್ ನಮಗೆ ಅರ್ಥವಾಗುತ್ತಾ? ಆ ಹೊತ್ತಿಗೆ ಅಲ್ಲಿ ಚಳಿಗೆ ಹೊರಗೆ ಕಾಲಿಡೋಕಾಗಲ್ಲ ಅಂತ ನೆಂಟರು ಬೇರೆ ಹೆದರಿಸಿದ್ದಾರೆ. ಸುಮ್ನೆ ಬಸ್ಸಿನಲ್ಲಿ ಕೂತು ಊರು ಸುತ್ತಿ ಬಂದರೆ ಸಾಲದೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರಿವೆ, ಚಿಂತೆ ಮಾತ್ರ ಒಂದೇ ಅನ್ನಿಸಿತು. ಗುಂಪಿನ ನಡುವೆ ಯಜಮಾನರಿಗೆ ಕಷ್ಟವಾದರೆ ‘ಸ್ವಲ್ಪ ನಿಲ್ಲಿ’ ಅಂತ ಹೇಳೋಕೆ ಸಂಕೋಚವಾಗುತ್ತೆ, ಮಗಳು ಆಸೆಯಿಂದ ಬುಕ್ ಮಾಡಿದ್ದಾಳೆ ಅಂತ ಅವರು ನೋವು ನುಂಗಿಕೊಂಡು ನಡೆಯುತ್ತಾರೆ. ನಿಮ್ಮ ಭಯ ಅದೇ ಅಲ್ವಾ? ನಾನು ಸ್ಟಾಕ್‌ಹೋಮ್‌ನಲ್ಲಿ ಗೈಡ್ ಕೆಲಸ ಮಾಡುವವನು. ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು ನನ್ನ ಜೊತೆ ಬರುತ್ತಲೇ ಇರುತ್ತಾರೆ. ಹೀಗೆ ನೋವು ನುಂಗಿಕೊಂಡು ನಡೆಯುವವರು ಹೆಚ್ಚುಕಮ್ಮಿ ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಹಾಗಾಗಿ ನೇರವಾಗಿ ಹೇಳುತ್ತೇನೆ. ಹಳೇ ಊರನ್ನು ನೀವು ನಡೆದೇ ನೋಡಿ, ಗೈಡ್ ಜೊತೆಗೇ ನೋಡಿ. ಮಗಳು ಹೇಳುತ್ತಿರುವ ಆ ಟೂರ್ ಮಾತ್ರ ನಿಮಗೆ ಬೇಡ.

ಮೊದಲು ದೂರದ ಮಾತು. ಸ್ಟಾಕ್‌ಹೋಮ್ 14 ದ್ವೀಪಗಳ ಮೇಲಿರುವ ಊರು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದನ್ನು ಓದಿದವರು ದಿನವಿಡೀ ಸೇತುವೆ ದಾಟುತ್ತಾ ನಡೆಯಬೇಕೇನೋ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಗಮ್ಲಾ ಸ್ತಾನ್ ಅನ್ನುವ ಹಳೇ ಊರು ಒಂದು ಪುಟ್ಟ ದ್ವೀಪ. ಈ ತುದಿಯಿಂದ ಆ ತುದಿಗೆ ಆರಾಮಾಗಿ ನಡೆದರೂ ಹತ್ತು ಹದಿನೈದು ನಿಮಿಷ ಸಾಕು. ಎರಡೂವರೆ ಗಂಟೆಯ ಟೂರ್‌ನಲ್ಲಿ ನಡೆಯೋದು ಎರಡು ಮೂರು ಕಿಲೋಮೀಟರ್ ಇರಬಹುದು. ಬೆಳಿಗ್ಗೆ ವಾಕಿಂಗ್ ಮಾಡುವ ಅಭ್ಯಾಸ ಇದ್ದವರಿಗೆ ಇದೇನೂ ಜಾಸ್ತಿ ಅಲ್ಲ.

ಕಷ್ಟ ಕೊಡೋದು ನಡಿಗೆಯಲ್ಲ, ನಿಲ್ಲೋದು. ಗೈಡ್ ಒಂದೊಂದು ಜಾಗದಲ್ಲೂ ಹತ್ತು ನಿಮಿಷ ನಿಂತು ಕಥೆ ಹೇಳುತ್ತಾರೆ. ಎರಡೂವರೆ ಗಂಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ನಿಂತೇ ಇರಬೇಕು. ಅದೂ ಎಲ್ಲಿ? ಉಬ್ಬುತಗ್ಗಿನ ಕಲ್ಲುಹಾಸಿನ ಮೇಲೆ. ಅಲ್ಲಿ ಪಾದ ಸಮನಾಗಿ ಕೂರಲ್ಲ, ಮಂಡಿ ಒಂದೇ ಸಮನೆ ಒಂಚೂರು ಆ ಕಡೆ ಈ ಕಡೆ ಹೊರಳುತ್ತಾ ಇರುತ್ತೆ. ಮೊದಲ ಒಂದು ಗಂಟೆ ಗೊತ್ತಾಗಲ್ಲ. ಆಮೇಲೆ ಹಿಡಿದುಕೊಳ್ಳುತ್ತೆ. ನನ್ನ ಜೊತೆ ಬಂದ ಹಿರಿಯರು ಸೋತದ್ದನ್ನು ನಾನು ಕಂಡಿರೋದು ಏರು ಹತ್ತುವಾಗ ಅಲ್ಲ, ಚೌಕದ ನಡುವೆ ನಿಂತಿದ್ದಾಗ. ಮಗಳನ್ನು ‘ಎಷ್ಟು ಕಿಲೋಮೀಟರ್’ ಅಂತ ಕೇಳಬೇಡಿ. ‘ಕೂರೋಕೆ ಎಲ್ಲೆಲ್ಲಿ ಜಾಗ ಇದೆ’ ಅಂತ ಕೇಳಿ.

ಇನ್ನು ‘ಫ್ರೀ’ ಟೂರ್. ಅದು ಮೋಸ ಅಲ್ಲ, ಧೈರ್ಯವಾಗಿರಿ. ಮುಂಗಡ ಟಿಕೆಟ್ ಇಲ್ಲ, ಕೊನೆಯಲ್ಲಿ ನಿಮಗೆ ತೋಚಿದಷ್ಟು ಕೊಟ್ಟರೆ ಸಾಕು, ಇದೇ ಅದರ ಲೆಕ್ಕ. ಯಾರೂ ಅಡ್ಡಗಟ್ಟಿ ಕೇಳಲ್ಲ. ಆದರೆ ಅದು ನಿಜವಾಗಿ ಪುಕ್ಕಟೆಯೂ ಅಲ್ಲ, ಆ ಗೈಡ್‌ಗೆ ಅವತ್ತಿನ ಸಂಪಾದನೆ ನೀವು ಕೈಯೆತ್ತಿ ಕೊಟ್ಟದ್ದೇ. ಇಂಥ ಟೂರ್‌ಗಳಲ್ಲಿ ಗೈಡ್ ತಾನು ಕರೆದುಕೊಂಡು ಹೋಗುವ ತಲೆಗೆ ಇಷ್ಟು ಅಂತ ಬುಕಿಂಗ್ ನಡೆಸುವವರಿಗೆ ಕಟ್ಟಬೇಕಾಗಿ ಬರೋದೂ ಉಂಟು. ಆದ್ದರಿಂದ ಏನೂ ಕೊಡದೆ ಬರೋದು ಸರಿಯಲ್ಲ. ನಿಮ್ಮಿಬ್ಬರಿಗೆ ಸೇರಿ ಇನ್ನೂರು ಮುನ್ನೂರು ಕ್ರೋನಾ (ಸ್ವೀಡನ್ನಿನ ದುಡ್ಡು) ಕೊಟ್ಟರೆ ಮರ್ಯಾದೆಯ ಮೊತ್ತ ಅಂತ ನನ್ನ ಎಣಿಕೆ.

ನಿಮಗೆ ಅದು ಬೇಡ ಅಂದದ್ದು ದುಡ್ಡಿನ ಕಾರಣಕ್ಕಲ್ಲ, ಗುಂಪಿನ ಕಾರಣಕ್ಕೆ. ಅಂಥ ಟೂರ್‌ಗೆ ಇಪ್ಪತ್ತು ಮೂವತ್ತು ಜನ ಸೇರುತ್ತಾರೆ. ಹಿಂದೆ ನಿಂತವರಿಗೆ ಮಾತು ಕೇಳಿಸಲ್ಲ. ಬಹುಪಾಲು ಎಳೆಯ ವಯಸ್ಸಿನವರು, ಬಿರಬಿರನೆ ನಡೆಯುತ್ತಾರೆ. ನಿಮ್ಮ ಯಜಮಾನರು ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಗುಂಪು ಎರಡು ಓಣಿ ಮುಂದಕ್ಕೆ ಹೋಗಿರುತ್ತೆ. ಇದರಲ್ಲಿ ಗೈಡ್‌ನ ತಪ್ಪೇನೂ ಇಲ್ಲ, ಮೂವತ್ತು ಜನರನ್ನು ಒಬ್ಬರಿಗಾಗಿ ನಿಲ್ಲಿಸೋಕೆ ಆಗಲ್ಲ.

ಬಸ್ಸಿನಲ್ಲಿ ಕೂತು ನೋಡಿದರೆ ಸಾಲದೇ ಅಂದಿರಿ. ಉಳಿದ ಸ್ಟಾಕ್‌ಹೋಮ್‌ಗೆ ಸಾಲುತ್ತೆ. ನೀರಿನ ದಂಡೆ, ಸಿಟಿ ಹಾಲ್‌ನ 106 ಮೀಟರ್ ಎತ್ತರದ ಗೋಪುರ, ದೊಡ್ಡ ರಸ್ತೆಗಳು ಎಲ್ಲಾ ಕಾಣುತ್ತವೆ. ಹಳೇ ಊರಿನ ಓಣಿಗಳಿಗೆ ಮಾತ್ರ ಟೂರಿಸ್ಟ್ ಬಸ್ಸು ನುಗ್ಗೋಕೆ ಸಾಧ್ಯವೇ ಇಲ್ಲ. ಮೋರ್ಟನ್ ಟ್ರೋಟ್ಸಿಗ್ ಓಣಿಯ ಅತಿ ಕಿರಿದಾದ ಭಾಗ ಬರೀ 90 ಸೆಂಟಿಮೀಟರ್! ಅಲ್ಲಿ 36 ಮೆಟ್ಟಿಲುಗಳಿವೆ. ಎಲ್ಲ ಟೂರ್‌ನವರೂ ಹತ್ತಿಸುತ್ತಾರೆ, ನೀವು ಹತ್ತಬೇಡಿ. ಕೆಳಗಿನಿಂದ ನೋಡಿದರೂ ಅದು ಅಷ್ಟೇ ಕಾಣೋದು.

ಹಾಗಾದರೆ ಗೈಡ್ ಯಾಕೆ ಬೇಕು, ಮಗಳೇ ಕರೆದುಕೊಂಡು ಹೋದರೆ ಆಗಲ್ವಾ ಅಂತ ನೀವು ಕೇಳಬಹುದು. ಪ್ರೆಸ್ಟ್‌ಗಾತನ್ ಮತ್ತು ಕೋಕ್‌ಬ್ರಿಂಕೆನ್ ಅಂತ ಎರಡು ಓಣಿಗಳು ಕೂಡುವ ಮೂಲೆಯೊಂದಿದೆ. ಗೋಡೆಯ ಬುಡದಲ್ಲಿ ಒಂದು ಹಳೇ ಫಿರಂಗಿಯ ಕೊಳವೆ ನೆಟ್ಟಗೆ ಹುಗಿದಿದೆ. ಗಾಡಿಯ ಚಕ್ರ ತಿರುವಿನಲ್ಲಿ ಗೋಡೆಗೆ ಉಜ್ಜದಿರಲಿ ಅಂತ ಇಟ್ಟದ್ದು. ಅದರ ಹಿಂದೆಯೇ ಗೋಡೆಯೊಳಗೆ ಸೇರಿಹೋಗಿರುವ ಕಲ್ಲೊಂದಿದೆ, ಮೈಮೇಲೆ ಹಾವಿನ ಹಾಗೆ ಸುತ್ತಿಕೊಂಡ ಪಟ್ಟಿ, ಪಟ್ಟಿಯೊಳಗೆ ರೂನ್ ಅನ್ನುವ ಇಲ್ಲಿಯ ಪುರಾತನ ಲಿಪಿಯ ಅಕ್ಷರ. ಒಬ್ಬ ತಂದೆ, ಒಬ್ಬ ತಾಯಿ ತೀರಿಕೊಂಡ ಮಗನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ನಮ್ಮ ವೀರಗಲ್ಲುಗಳನ್ನು ಎಷ್ಟೋ ಊರಲ್ಲಿ ಕಟ್ಟೆಗೆ, ಮೆಟ್ಟಿಲಿಗೆ ಹಾಕಿಕೊಂಡ ಹಾಗೆ, ಆಮೇಲೆ ಬಂದವರು ಇದನ್ನೂ ಮನೆಯ ಗೋಡೆಗೆ ಸೇರಿಸಿಬಿಟ್ಟರು. ದಿನಾ ಎಷ್ಟೋ ಜನ ಅದರ ಪಕ್ಕದಲ್ಲೇ ನಡೆದು ಹೋಗುತ್ತಾರೆ, ಯಾರೂ ತಿರುಗಿ ನೋಡಲ್ಲ. ಯಾರಾದರೂ ಬೊಟ್ಟು ಮಾಡಿ ತೋರಿಸಬೇಕು. ಗೈಡ್‌ನ ಕೆಲಸ ಅದೇ.

ಆ ಕಲ್ಲು ಈ ಊರಿಗಿಂತಲೂ ಹಳೆಯದು. ಅಂಗಡಿಗಳಲ್ಲಿ ಮಾರುವ ಕೊಂಬಿನ ಟೋಪಿ ನೋಡಿ ಸ್ಟಾಕ್‌ಹೋಮ್ ವೈಕಿಂಗರು, ಅಂದರೆ ಇಲ್ಲಿಯ ಪುರಾತನ ಕಡಲಯೋಧರು, ಕಟ್ಟಿದ ಊರು ಅಂದುಕೊಳ್ಳುವವರು ಬಹಳ. ಊರಿನ ಹೆಸರು ದಾಖಲೆಯಲ್ಲಿ ಮೊದಲು ಸಿಗೋದು 1252ರಲ್ಲಿ, ಸ್ವೀಡನ್ನಿನ ಆಡಳಿತ ನಡೆಸುತ್ತಿದ್ದ ಬಿರ್ಗರ್ ಯಾರ್ಲ್ ಕಾಲದಲ್ಲಿ. ಅಷ್ಟು ಹೊತ್ತಿಗೆ ವೈಕಿಂಗರ ಕಾಲ ಮುಗಿದು ತುಂಬಾ ದಿನವಾಗಿತ್ತು. ಅವರ ವ್ಯಾಪಾರದ ಪಟ್ಟಣ ಬಿರ್ಕಾ ಇದ್ದದ್ದು ಇಲ್ಲಿಂದ ಪಶ್ಚಿಮಕ್ಕೆ, ಮೆಲಾರನ್ ಸರೋವರದ ಒಂದು ದ್ವೀಪದಲ್ಲಿ.

ಇನ್ನೊಂದು ಕಥೆಯನ್ನೂ ನೀವು ಖಂಡಿತ ಕೇಳುತ್ತೀರಿ. ಹಳೇ ಊರಿನ ನಡುವೆ ಸ್ಟೂರ್‌ತೊರ್ಯೆಟ್ ಅನ್ನುವ ಚೌಕ ಇದೆ. ಅಲ್ಲಿ ಕೆಂಪು ಬಣ್ಣದ ಎತ್ತರದ ಮನೆ, ಅದರ ಕಿಟಕಿಗಳ ಸುತ್ತ ಬಿಳಿ ಕಲ್ಲುಗಳು. 1520ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ರಾಜ ಎರಡನೇ ಕ್ರಿಸ್ಟಿಯನ್ ಸ್ವೀಡನ್ನನ್ನು ಗೆದ್ದು ಇಲ್ಲಿ ಪಟ್ಟಾಭಿಷೇಕ ಮಾಡಿಸಿಕೊಂಡ. ಊಟ, ಉತ್ಸವ ಎಲ್ಲ ನಡೆದು ಇನ್ನೂ ವಾರ ತುಂಬಿರಲಿಲ್ಲ, ತನ್ನ ವಿರೋಧಿಗಳನ್ನು ಹಿಡಿಸಿ ಇದೇ ಚೌಕದಲ್ಲಿ ತಲೆ ಕಡಿಸಿದ. ಸತ್ತವರು ಎಂಬತ್ತಕ್ಕೂ ಹೆಚ್ಚು. ಬಿಳಿ ಕಲ್ಲು ಒಂದೊಂದೂ ಒಂದೊಂದು ತಲೆಯ ಲೆಕ್ಕ ಅಂತ ಕೆಲವರು ಹೇಳುತ್ತಾರೆ. ಅದು ಬರೀ ಕಟ್ಟುಕಥೆ. ಆ ಮನೆಗೆ ಈಗಿನ ರೂಪ ಬಂದದ್ದು 1650ರ ಸುಮಾರಿಗೆ, ಅಂದರೆ ಕೊಲೆಗಳಾಗಿ 130 ವರ್ಷದ ಮೇಲೆ. ಕಲ್ಲು ಬರೀ ಅಲಂಕಾರಕ್ಕೆ. ಆದರೆ ಕೊಲೆ ನಡೆದದ್ದು ನಿಜ, ಅದರ ಫಲವೂ ನಿಜ. ಅವತ್ತು ಅಪ್ಪನನ್ನು ಕಳೆದುಕೊಂಡ ಗುಸ್ತಾವ್ ವಾಸಾ ದಂಗೆ ಎದ್ದು 1523ರ ಜೂನ್ 6ರಂದು ಸ್ವೀಡನ್ನಿನ ರಾಜನಾದ. ಸ್ವೀಡನ್ನಿನವರು ರಾಷ್ಟ್ರೀಯ ದಿನ ಆಚರಿಸೋದು ಅದೇ ತಾರೀಕಿಗೆ. ಒಳ್ಳೆಯ ಗೈಡ್ ಆದರೆ ಬಿಳಿ ಕಲ್ಲಿನ ಕಥೆಯನ್ನೂ ಹೇಳಿ, ಅದು ಯಾಕೆ ಸುಳ್ಳು ಅನ್ನೋದನ್ನೂ ಹೇಳುತ್ತಾರೆ. ಕಥೆ ಹೇಳಿ ಅಲ್ಲಿಗೇ ಬಿಟ್ಟರೆ ಉಳಿದದ್ದನ್ನೂ ಸ್ವಲ್ಪ ಅನುಮಾನದಿಂದಲೇ ಕೇಳಿ.

ಇಲ್ಲಿ ‘ಅಧಿಕೃತ ಸ್ಟಾಕ್‌ಹೋಮ್ ಗೈಡ್’ ಅಂತ ತರಬೇತಿ ಪಡೆದು ಪರೀಕ್ಷೆ ಪಾಸಾದವರು ಇದ್ದಾರೆ, ಎದೆ ಮೇಲೆ ಬ್ಯಾಡ್ಜ್ ಇರುತ್ತೆ. ಬ್ಯಾಡ್ಜ್ ಇಲ್ಲದವರಲ್ಲೂ ಒಳ್ಳೆಯವರಿದ್ದಾರೆ. ಆದರೂ ವಯಸ್ಸಾದವರನ್ನು ಕರೆದುಕೊಂಡು ಹೋಗೋಕೆ ನಾನು ಹೇಳೋದು ಬ್ಯಾಡ್ಜ್ ಇರುವವರಲ್ಲೇ ಒಬ್ಬರನ್ನು ನಿಮ್ಮ ಮನೆಯವರಿಗಷ್ಟೇ ಅಂತ ಗೊತ್ತು ಮಾಡಿಕೊಳ್ಳಿ ಅಂತ. ಖರ್ಚು ಜಾಸ್ತಿ, ಅದನ್ನು ಮುಚ್ಚಿಡಲ್ಲ. ಆದರೆ ಇದರಲ್ಲಿ ತಲೆ ಲೆಕ್ಕ ಇರಲ್ಲ, ಗುಂಪಿಗೆ ಇಷ್ಟು ಅಂತ ಇರುತ್ತೆ. ಮಗಳ ಸ್ನೇಹಿತರ ಅಪ್ಪ ಅಮ್ಮ ಯಾರಾದರೂ ಬಂದಿದ್ದರೆ ಎರಡು ಮೂರು ಮನೆಯವರು ಸೇರಿ ಹಂಚಿಕೊಳ್ಳಿ. ಶಿಸ್ತಾದಲ್ಲಿ ನಮ್ಮ ಕಡೆಯವರಿಗೆ ಬರವಿಲ್ಲ. ಅದು ಆಗದಿದ್ದರೆ ಎಂಟು ಹತ್ತು ಜನಕ್ಕಿಂತ ಹೆಚ್ಚು ಸೇರಿಸದ ಸಣ್ಣ ಗುಂಪಿನ ಟೂರ್ ನೋಡಿ. ಅದರಲ್ಲಿ ವೇಗ ನಿಮ್ಮ ಕೈಯಲ್ಲಿರಲ್ಲ, ಆದರೆ ಗೈಡ್‌ಗೆ ನಿಮ್ಮ ಮುಖ ಕಾಣುತ್ತೆ.

ಸ್ವಂತ ಗೈಡ್ ಆದರೆ ದಾರಿಯನ್ನೂ ನೀವೇ ಹೇಳಬಹುದು. ಹಳೇ ಊರಿನಲ್ಲಿ ನಡು ಎತ್ತರ, ಎರಡೂ ಕಡೆ ನೀರಿನತ್ತ ಇಳಿಜಾರು. ಮೆಟ್ರೋ ಸ್ಟೇಷನ್ ಇರೋದು ತಗ್ಗಿನಲ್ಲಿ. ತುಂಬಾ ಟೂರ್‌ಗಳು ಅಲ್ಲಿಂದಲೇ ಶುರುವಾಗೋದು, ಹಾಗಾಗಿ ಮೊದಲೇ ಏರು. ನೀವು ಇದನ್ನು ಉಲ್ಟಾ ಮಾಡಿ. ಅರಮನೆಯ ಪಕ್ಕದ ಸ್ಲಾಟ್ಸ್‌ಬಾಕನ್‌ವರೆಗೆ ಟ್ಯಾಕ್ಸಿಯಲ್ಲಿ ಹೋಗಿ. ಇಲ್ಲಿ ಟ್ಯಾಕ್ಸಿ ದರಕ್ಕೆ ಸರ್ಕಾರದ ಕಡಿವಾಣ ಇಲ್ಲ. ಕಿಟಕಿಯ ಗಾಜಿಗೆ ಅಂಟಿಸಿರುವ ದರದ ಚೀಟಿ ನೋಡಿ, ಇಲ್ಲವೇ ಹತ್ತುವ ಮುಂಚೆ ಮಗಳಿಂದ ದರ ಮಾತಾಡಿಸಿ. ಅಲ್ಲಿ ಫಿನ್ನಿಶ್ ಚರ್ಚಿನ ಹಿಂದೆ ಒಂದು ಸಣ್ಣ ಅಂಗಳ. ಅಂಗಳದಲ್ಲಿ 15 ಸೆಂಟಿಮೀಟರ್ ಎತ್ತರದ ಕಬ್ಬಿಣದ ಹುಡುಗ ಮಂಡಿ ಅಪ್ಪಿಕೊಂಡು, ತಲೆ ಎತ್ತಿ ಚಂದ್ರನನ್ನು ನೋಡುತ್ತಾ ಕೂತಿದ್ದಾನೆ. ಮಾಡಿದವರು ಲಿಸ್ ಎರಿಕ್ಸನ್. ಚಳಿ ಶುರುವಾದರೆ ಊರಿನ ಯಾರೋ ಬಂದು ಅವನಿಗೆ ಉಣ್ಣೆಯ ಪುಟ್ಟ ಟೋಪಿ, ಮಫ್ಲರ್ ಹೆಣೆದು ಹಾಕಿ ಹೋಗುತ್ತಾರೆ. ಜನ ತಲೆ ಸವರಿ ಸವರಿ ಅವನ ನೆತ್ತಿ ಮಿರುಗುತ್ತಿದೆ.

ಅಲ್ಲಿಂದ ಎದುರಿಗೇ ಸ್ಟೂರ್‌ಶಿರ್ಕಾನ್, ಊರಿನ ಹಿರಿಯ ಚರ್ಚು. ಒಳಗೆ ಹೋಗೋಕೆ ಟಿಕೆಟ್ ಇದೆ, ಕೊಟ್ಟುಬಿಡಿ. ಬೆಚ್ಚಗೆ ಬೆಂಚಿನ ಮೇಲೆ ಕೂತು ಕಥೆ ಕೇಳುವ ಜಾಗ ಇದು. 1489ರ ಸಂತ ಜಾರ್ಜ್‌ನ ಮರದ ಮೂರ್ತಿ ಇಲ್ಲಿದೆ. ಕುದುರೆಯ ಕೆಳಗೆ ಬಿದ್ದಿರುವ ಡ್ರ್ಯಾಗನ್ ಕಡೆ ಸರಿಯಾಗಿ ನೋಡಿ. ಮೈ ಮೇಲಿನ ಮುಳ್ಳುಗಳಿಗೆ ನಿಜವಾದ ಕಡವೆ ಜಾತಿಯ ಪ್ರಾಣಿಯ ಕೊಂಬು ಬಳಸಿದ್ದಾರೆ. ಯಜಮಾನರಿಗೆ ಇಪ್ಪತ್ತು ನಿಮಿಷ ವಿಶ್ರಾಂತಿಯೂ ಆಗುತ್ತೆ. ಆಮೇಲೆ ಚೌಕ. ಚೌಕದಲ್ಲೇ ನೊಬೆಲ್ ಮ್ಯೂಸಿಯಂ ಇದೆ, ಅದರಲ್ಲಿ ಕಾಫಿ ಜಾಗ, ಬಾತ್‌ರೂಮ್ ಎರಡೂ ಇವೆ. ನೊಬೆಲ್ ಪಡೆದವರು ಅಲ್ಲಿಯ ಕುರ್ಚಿಗಳ ಅಡಿಯಲ್ಲಿ ಸಹಿ ಹಾಕಿ ಹೋಗುತ್ತಾರೆ. ನಿಮ್ಮ ಕುರ್ಚಿಯನ್ನೂ ಒಮ್ಮೆ ಬಗ್ಗಿಸಿ ನೋಡಿ, ಯಾರೂ ಏನೂ ಅನ್ನಲ್ಲ. ಕೊನೆಗೆ ಕೋಕ್‌ಬ್ರಿಂಕೆನ್ ಇಳಿದು, ಆ ರೂನ್ ಕಲ್ಲು ನೋಡಿಕೊಂಡು ಮೆಟ್ರೋ ಸೇರಿ. ಒಟ್ಟು ನಡಿಗೆ ಒಂದು ಕಿಲೋಮೀಟರ್ ಆಗಲ್ಲ, ಬಹುಪಾಲು ಇಳಿಜಾರು. ಒಂದೂವರೆ ಗಂಟೆಗೆ ಗೊತ್ತು ಮಾಡಿ, ಎರಡೂವರೆ ಬೇಡ. ಅರಮನೆಯ ಕಾವಲು ಬದಲಾವಣೆಯ ಮೆರವಣಿಗೆಯನ್ನು ಇದರ ಜೊತೆ ಸೇರಿಸಬೇಡಿ. ಗುಂಪಿನಲ್ಲಿ ನಿಂತೇ ಇರಬೇಕು, ಮಂಡಿಗೆ ಅದೇ ಸಾಕಾಗಿಬಿಡುತ್ತೆ.

ನೀವು ವಿಜ್ಞಾನದ ಟೀಚರ್ ಅಂತ ಓದಿದೆ, ಅದಕ್ಕೆ ಒಂದು ಮಾತು. ಸಿ.ವಿ. ರಾಮನ್ 1930ರ ಡಿಸೆಂಬರ್ 10ರಂದು ನೊಬೆಲ್ ಪಡೆದದ್ದು ಇದೇ ಊರಿನ ಕಾನ್ಸರ್ಟ್ ಹಾಲ್‌ನಲ್ಲಿ. ಆಗ ಅವರು ಕಲ್ಕತ್ತಾದಲ್ಲಿದ್ದರು, ಬೆಂಗಳೂರಿಗೆ ಬಂದದ್ದು 1933ರಲ್ಲಿ. ಕಂಬಗಳ ಸಾಲಿರುವ ಆ ನೀಲಿ ಕಟ್ಟಡ ಹೋಟೊರ್ಯೆಟ್ ಅನ್ನುವ ಮಾರುಕಟ್ಟೆ ಚೌಕದ ಪಕ್ಕದಲ್ಲಿದೆ, ಮೆಟ್ರೋ ಸ್ಟೇಷನ್ನಿಗೆ ಅಂಟಿಕೊಂಡ ಹಾಗೆ. ಇದು ಹಳೇ ಊರಿನ ಟೂರ್‌ಗಳಲ್ಲಿ ಬರಲ್ಲ. ಬೇರೆ ದಿನ ಮಗಳ ಜೊತೆ ಹೋಗಿ ಮೆಟ್ಟಿಲ ಮುಂದೆ ನಿಂತು ಬನ್ನಿ.

ಬಾತ್‌ರೂಮಿನ ವಿಷಯದಲ್ಲಿ ಸಂಕೋಚ ಬೇಡ, ಸಕ್ಕರೆ ಕಾಯಿಲೆ ಇರುವವರಿಗೆ ಇದು ಸಣ್ಣ ಮಾತಲ್ಲ. ಹಳೇ ಊರಿನಲ್ಲಿ ಸಾರ್ವಜನಿಕ ಶೌಚಾಲಯ ಕಡಿಮೆ. ಕೆಲವಕ್ಕೆ ದುಡ್ಡು ಕೊಡಬೇಕು, ಅದೂ ಕಾರ್ಡಿನಲ್ಲಿ. ಕೆಫೆಗಳಲ್ಲಿ ಗಿರಾಕಿಗಳಿಗೆ ಮಾತ್ರ. ಬಾಗಿಲಿಗೆ ನಂಬರ್ ಲಾಕ್ ಇದ್ದರೆ ಆ ನಂಬರ್ ಬಿಲ್ಲಿನ ಮೇಲೆ ಇರೋದುಂಟು, ಬಿಲ್ ಬಿಸಾಡಬೇಡಿ. ಒಳಗೆ ಬರೀ ಪೇಪರ್, ನೀರಿನ ವ್ಯವಸ್ಥೆ ಇರಲ್ಲ, ಬ್ಯಾಗಿನಲ್ಲಿ ಒಂದು ಸಣ್ಣ ಬಾಟಲಿ ಇರಲಿ. ಎಲ್ಲೆಲ್ಲಿ ನಿಲ್ಲಬಹುದು ಅಂತ ಗೈಡ್‌ಗೆ ಮೊದಲೇ ಬರೆದು ಕೇಳಿ. ಇಂಥ ಪ್ರಶ್ನೆ ಮೊದಲೇ ಬಂದರೆ ನಮಗೆ ಒಳ್ಳೇದೇ, ದಾರಿಯನ್ನೇ ಅದಕ್ಕೆ ಹೊಂದಿಸುತ್ತೇವೆ. ಬಾತ್‌ರೂಮಿಗೆ ಹೆದರಿ ನೀರು ಕುಡಿಯದೇ ಇರೋದು ಮಾತ್ರ ಬೇಡ. ನಲ್ಲಿ ನೀರನ್ನೇ ಧಾರಾಳವಾಗಿ ಕುಡಿಯಬಹುದು.

ತಿನ್ನೋಕೆ ಚಕ್ಕುಲಿಯೋ ಬಿಸ್ಕತ್ತೋ ಇರಲಿ, ಜೊತೆಗೆ ಗ್ಲೂಕೋಸ್ ಅಥವಾ ಸಕ್ಕರೆಯೂ ಜೇಬಿನಲ್ಲಿರಲಿ, ಸಕ್ಕರೆ ಇಳಿದರೆ ಅದೇ ಬೇಕಾಗುತ್ತೆ. ದಾಲ್ಚಿನ್ನಿ ಹಾಕಿದ ಬನ್ ಎಲ್ಲ ಕಡೆ ಸಿಗುತ್ತೆ, ರುಚಿಯಾಗಿಯೂ ಇರುತ್ತೆ. ಆದರೆ ಮೇಲೆ ಮೊಟ್ಟೆ ಸವರಿ ಬೇಯಿಸೋದು ಇಲ್ಲಿಯ ರೂಢಿ. ಮೊಟ್ಟೆ ತಿನ್ನದವರಾದರೆ ‘ವೀಗನ್’ ಅಂತಲೇ ಕೇಳಿ. ‘ವೆಜಿಟೇರಿಯನ್’ ಅಂದರೆ ಇಲ್ಲಿಯವರ ಲೆಕ್ಕದಲ್ಲಿ ಮೊಟ್ಟೆಯೂ ಸೇರುತ್ತೆ.

ಇಂಗ್ಲಿಷ್ ಬಗ್ಗೆ ಚಿಂತೆಯೇ ಬೇಡ. ಸ್ವೀಡನ್ನಿನವರ ಇಂಗ್ಲಿಷ್ ಸಾಮಾನ್ಯವಾಗಿ ಸ್ಪಷ್ಟವಾಗಿರುತ್ತೆ. ಸಣ್ಣ ಗುಂಪಿನಲ್ಲಿ ಗೈಡ್‌ನ ಪಕ್ಕದಲ್ಲೇ ನಿಂತು, ‘ಸ್ವಲ್ಪ ನಿಧಾನ’ ಅಂತ ಶುರುವಿನಲ್ಲೇ ಹೇಳಿ. ನಾನು ಮೇಲೆ ಬರೆದ ನಾಲ್ಕಾರು ಹೆಸರುಗಳನ್ನು ಓದಿಕೊಂಡು ಹೋದರೆ ಅರ್ಧ ಕೆಲಸ ಆದ ಹಾಗೆ. ಕಷ್ಟ ಆಗೋದು ಭಾಷೆಗಿಂತ ಹೆಸರುಗಳಲ್ಲಿ.

ಚಳಿ? ಅಕ್ಟೋಬರ್ ಕೊನೆಗೆ ಹಗಲು ಆರರಿಂದ ಹತ್ತು ಡಿಗ್ರಿ ಇರುತ್ತೆ. ನೆಂಟರು ಹೆದರಿಸಿದಷ್ಟೇನೂ ಇಲ್ಲ, ಐಸ್ ಕಟ್ಟುವ ದಿನಗಳು ಇನ್ನೂ ದೂರ. ಆದರೆ ಕಲ್ಲು ಒದ್ದೆ, ಅದರ ಮೇಲೆ ಉದುರಿದ ಎಲೆ. ಬೀಳುವ ಭಯ ನಿಜವಾಗಿ ಇರೋದು ಅಲ್ಲೇ. ಹೊಸ ಶೂ ಕೊಂಡು ನೇರ ಇಲ್ಲಿಗೆ ಬರಬೇಡಿ, ಊರಲ್ಲೇ ಒಂದು ತಿಂಗಳು ಹಾಕಿ ನಡೆದು ಒಗ್ಗಿಸಿಕೊಳ್ಳಿ. ಅಟ್ಟೆ ದಪ್ಪ ರಬ್ಬರಿನದ್ದಾಗಿರಲಿ. ಯಜಮಾನರು ಊರುಗೋಲು ತರುವುದಾದರೆ ತುದಿಗೆ ಅಗಲವಾದ ರಬ್ಬರ್ ಬಿರಟೆ ಹಾಕಿಸಿ, ಚೂಪು ತುದಿ ಕಲ್ಲುಗಳ ಸಂದಿಗೆ ಸಿಕ್ಕಿಕೊಳ್ಳುತ್ತೆ. ನೀರಿನ ಪಕ್ಕದ ಗಾಳಿಗೆ ಕೊಡೆ ನಿಲ್ಲಲ್ಲ, ಟೋಪಿ ಇರುವ ಮಳೆ ಕೋಟು ಒಳ್ಳೇದು. ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಚಳಿಯಲ್ಲಿ ಗುಳ್ಳೆ ಎದ್ದರೂ ಗೊತ್ತಾಗದೇ ಇರಬಹುದು. ಮನೆಗೆ ಬಂದ ಮೇಲೆ ಕಾಲುಚೀಲ ತೆಗೆದು ಪಾದ ನೋಡಿ. ಮಂಡಿಯ ಬಗ್ಗೆ ಮಾತ್ರ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನೇ ಕೇಳಿ, ಅದು ನಾನು ಹೇಳುವ ವಿಷಯವಲ್ಲ.

ಅವತ್ತು ಮಳೆ ಜೋರಾದರೆ? ಆಗ ಟೂರ್ ಅನ್ನು ನೆಲದ ಕೆಳಗೆ ಇಟ್ಟುಕೊಳ್ಳಿ. ಶಿಸ್ತಾದಿಂದ ಊರಿಗೆ ಬರುವ ಮೆಟ್ರೋದ ನೀಲಿ ಲೈನ್ ಇದೆಯಲ್ಲ, ಅದರ ಸ್ಟೇಷನ್‌ಗಳೇ ಒಂದು ಪ್ರದರ್ಶನ. ಬಂಡೆ ಕೊರೆದು ಮಾಡಿದ ಗುಹೆಗಳಿಗೆ ನೇರವಾಗಿ ಬಣ್ಣ ಹಚ್ಚಿದ್ದಾರೆ. ಸೋಲ್ನಾ ಸೆಂಟ್ರುಮ್‌ನಲ್ಲಿ ಕೆಂಪು ಆಕಾಶ, ಕೆಳಗೆ ಹಸಿರು ಕಾಡು. ಟಿ-ಸೆಂಟ್ರಾಲನ್‌ನಲ್ಲಿ ಬಿಳಿ ಬಂಡೆಯ ಮೇಲೆ ನೀಲಿ ಬಳ್ಳಿ. ಬೆಂಚು ಇದೆ, ಲಿಫ್ಟ್ ಇದೆ, ಮಳೆ ಇಲ್ಲ. ಒಂದು ಟಿಕೆಟ್ 75 ನಿಮಿಷ ನಡೆಯುತ್ತೆ, ವಯಸ್ಸಾದವರಿಗೆ ರಿಯಾಯಿತಿಯೂ ಇದೆ. ಬಿಸಿಲು ಬಂದರೆ ಹಳೇ ಊರಿನ ಪಕ್ಕದ ಸ್ಲುಸನ್‌ನಿಂದ ಯೂರ್‌ಗೋರ್ಡನ್ ದ್ವೀಪಕ್ಕೆ ಹೋಗುವ ದೋಣಿಗೂ ಅದೇ ಟಿಕೆಟ್ ಸಾಕು. ಹಳೇ ಊರು ನೀರಿನ ಮೇಲಿನಿಂದ ಹೇಗೆ ಕಾಣುತ್ತೆ ಅಂತ ಕೂತಲ್ಲೇ ನೋಡಬಹುದು. ಆ ಕಡೆ ಇಳಿದರೆ ವಾಸಾ ಮ್ಯೂಸಿಯಂ. 1628ರಲ್ಲಿ ಹೊರಟ ದಿನವೇ ಮುಳುಗಿ, 1961ರಲ್ಲಿ ಮೇಲೆತ್ತಿದ ಇಡೀ ಹಡಗು ಒಳಗಿದೆ. ನೀವು ಅದನ್ನು ತಪ್ಪಿಸಿಕೊಳ್ಳಬಾರದು.

ದುಡ್ಡು ನಗದಾಗಿ ಹೊತ್ತು ತರಬೇಡಿ, ಎಷ್ಟೋ ಅಂಗಡಿಗಳಲ್ಲಿ ನೋಟು ತೆಗೆದುಕೊಳ್ಳಲ್ಲ. ಇಲ್ಲಿಯವರು ಫೋನಿನಲ್ಲಿ ದುಡ್ಡು ಕಳಿಸುವ ಸ್ವಿಶ್ ಅನ್ನುವ ಆ್ಯಪ್ ಬಳಸುತ್ತಾರೆ, ಅದಕ್ಕೆ ಇಲ್ಲಿಯ ಬ್ಯಾಂಕ್ ಖಾತೆ ಬೇಕು. ಗೈಡ್‌ಗೆ ಕೊಡೋದನ್ನು ಮಗಳು ಸ್ವಿಶ್ ಮಾಡಲಿ, ಉಳಿದದ್ದಕ್ಕೆ ನಿಮ್ಮ ಕಾರ್ಡು ಸಾಕು.

ಟೂರ್ ಬೆಳಿಗ್ಗೆ ಹತ್ತೂವರೆ ಹನ್ನೊಂದಕ್ಕೇ ಇಟ್ಟುಕೊಳ್ಳಿ. ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮುಂದೆ ಸಂಜೆ ನಾಲ್ಕು ಕಾಲು ಅಷ್ಟೊತ್ತಿಗೆ ಸೂರ್ಯ ಮುಳುಗುತ್ತಾನೆ. ನೀವು ಬರೋದು ಸರಿಯಾಗಿ ಆ ವಾರವೇ. ಫೋನು ತಾನೇ ಸಮಯ ಸರಿ ಮಾಡಿಕೊಳ್ಳುತ್ತೆ, ಯಜಮಾನರ ಕೈಗಡಿಯಾರವನ್ನು ಮಾತ್ರ ಶನಿವಾರ ರಾತ್ರಿ ಮಲಗುವ ಮುಂಚೆ ನೀವೇ ತಿರುಗಿಸಿಡಿ.